ಗಂಗಾಮೂಲದ ಮನೆಪಾಠ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸಬಹುದೇ ಎಂಬ ಪ್ರಶ್ನೆಯನ್ನು ಈಚೆಗೆ ಗೃಹಸ್ಥರು ಹೆಚ್ಚಾಗಿ ಕೇಳುತ್ತಿರುವುದುಂಟು. ೨೦೨೦ನೆಯ ಇಸವಿಯಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತವಾಗಿ ಶಾಲೆಗಳ ಬಾಗಿಲು ಮುಚ್ಚಿ, ಮಕ್ಕಳೆಲ್ಲರೂ ತಿಂಗಳುಗಟ್ಟಲೆ ಮನೆಯಲ್ಲಿಯೇ ಉಳಿದ ಮೇಲಂತೂ ಈ ಪ್ರಶ್ನೆಗೆ ಹೊಸ ಬಲ ಬಂದಂತಿದೆ. ಶಾಲೆಯಲ್ಲಿ ಆರು ಗಂಟೆ ನಡೆಯುವ ಪಾಠವು ಮನೆಯಲ್ಲಿ ಎರಡು ಗಂಟೆಗೆ ಮುಗಿಯಿತೆಂದು ಕೆಲವರು ಹೇಳುತ್ತಾರೆ. ತಾಯಿಯೂ ಮಗುವೂ ದಿನವೂ ಜಗಳವಾಡಿ ಇಬ್ಬರೂ ಅತ್ತು ಮಲಗಿದರೆಂದು ಮತ್ತೆ ಕೆಲವರು ಹೇಳುತ್ತಾರೆ. ಎರಡೂ ನಿಜವೇ ಆಗಿರಬೇಕು.

ಕಾಯಿದೆಯ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು, ಆರರಿಂದ ಹದಿನಾಲ್ಕು ವರ್ಷಗಳವರೆಗಿನ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಸಾರುತ್ತದೆ. ಆದರೆ ಸೇರಿಸದ ತಂದೆತಾಯಿಗಳಿಗೆ ಯಾವ ದಂಡವನ್ನೂ ವಿಧಿಸಿಲ್ಲ. ಇತ್ತ ೧೯೮೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ, ಯಾವ ಶಾಲೆಯ ಮೆಟ್ಟಿಲನ್ನೂ ಹತ್ತದ ಹುಡುಗನು ಹದಿನಾಲ್ಕು ತುಂಬಿದ ಮೇಲೆ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡಬಹುದಾಗಿದೆ. ಆದುದರಿಂದ ಮನೆಪಾಠದ ಮಕ್ಕಳಿಗೆ ಮುಂದಿನ ದಾರಿಯೇ ಇಲ್ಲವೆನ್ನುವ ಹಾಗಿಲ್ಲ. ಉಳಿಯುವ ಪ್ರಶ್ನೆಯು ಕಾಯಿದೆಯದಲ್ಲ, ಮನೆಯದು. ಮನೆಯು ಏನನ್ನು ಕಲಿಸಬಲ್ಲದು, ಏನನ್ನು ಕಲಿಸಲಾರದು?

ಇದನ್ನು ಊಹೆಯಿಂದ ವಾದಿಸುವುದಕ್ಕಿಂತ, ಹಾಗೆ ಮಕ್ಕಳನ್ನು ಓದಿಸಿದ ಒಂದು ಸಂಸಾರದ ವೃತ್ತಾಂತವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಮೇಲು. ಅಂಥ ಸಂಸಾರವೊಂದು ನಮ್ಮ ಕರ್ನಾಟಕದ ಮಲೆನಾಡಿನಲ್ಲಿಯೇ ಇತ್ತು. ಅನಂತಶಾಸ್ತ್ರಿ ಡೋಂಗ್ರೆಯವರದು ಆ ಮನೆ. ಆ ಮನೆಯ ಕಿರಿಯ ಮಗಳೇ ಮುಂದೆ ದೇಶವಿದೇಶಗಳಲ್ಲಿ ಪ್ರಖ್ಯಾತರಾದ ಪಂಡಿತಾ ರಮಾಬಾಯಿ. ತಮ್ಮ ಬಾಲ್ಯದ ಕಥೆಯನ್ನು ಅವರು ೧೯೦೭ರಲ್ಲಿ ತಾವೇ ಬರೆದಿಟ್ಟಿರುವುದರಿಂದ, ಆ ಮನೆಯ ಪಾಠವು ಹೇಗೆ ನಡೆಯುತ್ತಿತ್ತೆಂಬುದು ನಮಗೆ ತಕ್ಕಮಟ್ಟಿಗೆ ತಿಳಿಯುತ್ತದೆ. ಹೊಗಳಿಕೆಯೊಂದೇ ಅಲ್ಲ, ದೂರೂ ಅದರಲ್ಲಿ ಇದೆ; ಅದಕ್ಕಾಗಿಯೇ ಆ ಕಥೆಯು ನಮಗೆ ಉಪಯುಕ್ತವಾದುದು.

ಕಾರ್ಕಳದ ಸಮೀಪದಲ್ಲಿ, ಪಶ್ಚಿಮಘಟ್ಟದ ಬುಡದಲ್ಲಿ, ಮಾಳ ಎಂಬ ಗ್ರಾಮವಿದೆ. ಚಿತ್ಪಾವನ ಬ್ರಾಹ್ಮಣರ ಮನೆಗಳು ಅಲ್ಲಿ ಬಹುಕಾಲದಿಂದ ಇರುತ್ತವೆ. ಅನಂತಶಾಸ್ತ್ರಿಗಳು ಆ ಊರಿನವರು. ಸಂಸ್ಕೃತವನ್ನು ಕಲಿಯುವ ಹಂಬಲದಿಂದ ಅವರು ಚಿಕ್ಕ ವಯಸ್ಸಿನಲ್ಲಿಯೇ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿಗಳೆಂಬ ವಿದ್ವಾಂಸರಲ್ಲಿ ಶಿಷ್ಯವೃತ್ತಿಯನ್ನು ಮಾಡಿದರು. ಆ ಗುರುಗಳು ಎರಡನೆಯ ಬಾಜಿರಾಯ ಪೇಶ್ವೆಯ ಅರಮನೆಗೆ ಹೋಗಿ ಪೇಶ್ವೆಯ ಪತ್ನಿಗೆ ಸಂಸ್ಕೃತಪಾಠವನ್ನು ಹೇಳುತ್ತಿದ್ದರು. ಗುರುಗಳ ಹಿಂದೆ ಹೋಗುತ್ತಿದ್ದ ಈ ತರುಣನು, ಒಬ್ಬ ಸ್ತ್ರೀಯು ಸ್ವಚ್ಛವಾಗಿ ಶ್ಲೋಕಗಳನ್ನು ಪಠಿಸುವುದನ್ನು ಕೇಳಿ ಬೆರಗಾದನು. ತನ್ನ ಊರಿನಲ್ಲಿ ಅಂಥದನ್ನು ಅವನು ಕಂಡಿರಲಿಲ್ಲ, ಕೇಳಿರಲಿಲ್ಲ. ಮನೆಗೆ ಮರಳಿದೊಡನೆ ತನ್ನ ಹೆಂಡತಿಗೂ ಹಾಗೆಯೇ ಪಾಠ ಹೇಳಬೇಕೆಂದು ಅಂದೇ ನಿಶ್ಚಯಿಸಿಕೊಂಡನಂತೆ.

ಆ ನಿಶ್ಚಯವು ಮೊದಲ ಸಲ ನೆರವೇರಲಿಲ್ಲ. ಆ ಹೆಂಡತಿಗೆ ಓದಿನಲ್ಲಿ ಮನಸ್ಸಿರಲಿಲ್ಲ. ಮನೆಯ ಹಿರಿಯರಿಗೂ ಅದು ಒಪ್ಪಿಗೆಯಾಗಲಿಲ್ಲ. ಒಲೆಯ ಮುಂದೆ ಕೂಡಬೇಕಾದ ಸೊಸೆಯು ಪುಸ್ತಕದ ಮುಂದೆ ಕುಳಿತರೆ ಅತ್ತೆಯ ಮುಖ ಹೇಗಾಗುವುದೆಂಬುದನ್ನು ವಾಚಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಶಾಸ್ತ್ರಿಗಳು ಆ ಪ್ರಯತ್ನವನ್ನು ಕೈಬಿಟ್ಟು ಮೈಸೂರಿನ ಕಡೆ ಹೋಗಿ ಹಲವು ವರ್ಷ ಅಲ್ಲಿ ಆಸ್ಥಾನದ ಆಶ್ರಯದಲ್ಲಿದ್ದರು. ಮನೆಪಾಠವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಪುಸ್ತಕ, ಪಾಠಕ್ರಮ, ವೇಳೆ ಇವುಗಳನ್ನೇ ಕುರಿತು ಮಾತನಾಡುತ್ತಾರೆ. ಮನೆಯೊಳಗಿನ ಸಮ್ಮತಿಯು ಇವೆಲ್ಲಕ್ಕೂ ಮೊದಲಿನದು. ಒಬ್ಬರ ಉತ್ಸಾಹದಿಂದ ಶಾಲೆಯನ್ನು ನಡೆಸಬಹುದು. ಮನೆಯನ್ನು ಶಾಲೆಯಾಗಿ ಮಾಡಲು ಒಬ್ಬರ ಉತ್ಸಾಹವು ಸಾಲದು.

ಮೊದಲನೆಯ ಪತ್ನಿಯು ತೀರಿಹೋದ ಬಳಿಕ ಶಾಸ್ತ್ರಿಗಳು ಯಾತ್ರೆಯಿಂದ ಮರಳುತ್ತ ಗೋದಾವರೀತೀರದಲ್ಲಿ ತಂಗಿದ್ದಾಗ, ಹೆಂಡತಿಮಕ್ಕಳೊಡನೆ ಯಾತ್ರೆ ಬಂದಿದ್ದ ಒಬ್ಬ ಗೃಹಸ್ಥನು ಅವರ ಕುಲಗೋತ್ರಗಳನ್ನು ವಿಚಾರಿಸಿ, ಒಂಬತ್ತು ವರ್ಷದ ತನ್ನ ಮಗಳನ್ನು ಮರುದಿನವೇ ಅವರಿಗೆ ಧಾರೆಯೆರೆದು ಕೊಟ್ಟು ತನ್ನ ದಾರಿಯನ್ನು ಹಿಡಿದು ಹೊರಟುಹೋದನು. ವರನಿಗೆ ಆಗ ನಾಲ್ವತ್ತನ್ನು ಮೀರಿದ ವಯಸ್ಸು. ಆ ಹುಡುಗಿಯೇ ಲಕ್ಷ್ಮೀಬಾಯಿ. ಇಂದು ಇದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಇಂಥ ವಿವಾಹವನ್ನು ಕಾಯಿದೆಯೂ ಲೋಕವೂ ಈಗ ಒಪ್ಪುವುದಿಲ್ಲ. ರಮಾಬಾಯಿಯವರೇ ತಮ್ಮ ೧೮೮೭ರ ಇಂಗ್ಲಿಷ್ ಗ್ರಂಥದಲ್ಲಿ, ಹೆಣ್ಣುಮಕ್ಕಳನ್ನು ಎಷ್ಟು ಅವಿಚಾರದಿಂದ ಕೊಟ್ಟುಬಿಡುತ್ತಿದ್ದರೆಂಬುದಕ್ಕೆ ದೃಷ್ಟಾಂತವಾಗಿ ಈ ಸಂಗತಿಯನ್ನೇ ಹೆಸರು ಹೇಳದೆ ಬರೆದಿದ್ದಾರೆ. ಅದೃಷ್ಟವಶಾತ್ ಹುಡುಗಿಯು ಒಳ್ಳೆಯವರ ಕೈಗೆ ಸೇರಿದಳೆಂಬುದನ್ನೂ ಅಲ್ಲಿಯೇ ಸೇರಿಸಿದ್ದಾರೆ. ಒಳ್ಳೆಯ ಕೈಗೆ ಬಿದ್ದುದು ಅದೃಷ್ಟವೇ ಹೊರತು ಆ ಪದ್ಧತಿಯ ಗುಣವಲ್ಲ.

ಆ ಬಾಲಿಕೆಗೆ ಶಾಸ್ತ್ರಿಗಳು ಮೊದಲಿನಿಂದಲೇ ಪಾಠವನ್ನು ಪ್ರಾರಂಭಿಸಿದರು. ಈ ಸಲ ಶಿಷ್ಯೆಗೆ ಮನಸ್ಸಿತ್ತು. ಆದರೆ ಊರು ಸುಮ್ಮನಿರಲಿಲ್ಲ. ಹೆಂಗಸಿಗೆ ದೇವಭಾಷೆಯನ್ನು ಕಲಿಸುವುದೆಂದರೇನು ಎಂಬ ಆಕ್ಷೇಪವು ಬೆಳೆದು, ಉಡುಪಿಯಲ್ಲಿ ಸೇರಿದ ಪಂಡಿತಸಭೆಯ ಮುಂದೆ ಶಾಸ್ತ್ರಿಗಳು ಉತ್ತರ ಹೇಳಬೇಕಾಯಿತು. ಬಹಿಷ್ಕಾರದ ಭಯವು ತಲೆಯ ಮೇಲೆ ತೂಗುತ್ತಿತ್ತು. ಅವರು ಧರ್ಮಗ್ರಂಥಗಳನ್ನು ಶೋಧಿಸಿ, ಸ್ತ್ರೀಯರೂ ಶೂದ್ರರೂ ಪುರಾಣೇತಿಹಾಸಗಳನ್ನು ಓದುವುದಕ್ಕೆ ಬಾಧಕವಿಲ್ಲವೆಂಬುದಕ್ಕೆ ಪ್ರಮಾಣವಚನಗಳನ್ನು ಒಟ್ಟುಗೂಡಿಸಿ ಸಭೆಯ ಮುಂದಿಟ್ಟರು. ಸಭೆಯು ಒಪ್ಪಿತು, ಅವರನ್ನು ಜಾತಿಯಿಂದ ಹೊರಗೆ ಹಾಕಲಿಲ್ಲ. ಇಲ್ಲಿ ಒಂದು ಮಾತನ್ನು ಗಮನಿಸತಕ್ಕದ್ದು. ಶಾಸ್ತ್ರಿಗಳು ವೇದವನ್ನು ಕಲಿಸುತ್ತೇನೆಂದು ಹೇಳಲಿಲ್ಲ; ಕಲಿಸಲೂ ಇಲ್ಲ. ಶಾಸ್ತ್ರವು ತೆರೆದಿಟ್ಟ ಬಾಗಿಲಿನಲ್ಲಿ ಹೋದರೇ ಹೊರತು ಮುಚ್ಚಿದ ಬಾಗಿಲನ್ನು ಒಡೆಯಲಿಲ್ಲ. ಅವರು ಸಂಪ್ರದಾಯಸ್ಥರು, ಒಂದೇ ಒಂದು ವಿಷಯದಲ್ಲಿ ಮಾತ್ರ ಸುಧಾರಕರು.

ಸಭೆಯು ಒಪ್ಪಿದರೂ ನೆರೆಹೊರೆಯ ಮಾತು ನಿಲ್ಲುವುದುಂಟೆ? ಕಡೆಗೆ ಶಾಸ್ತ್ರಿಗಳು ಪತ್ನಿಯನ್ನು ಕರೆದುಕೊಂಡು ಗಂಗಾಮೂಲದ ಕಾಡಿಗೆ ಹೊರಟುಹೋದರು. ಕುದುರೆಮುಖದ ಸಾಲಿನಲ್ಲಿ, ತುಂಗಾ ಭದ್ರಾ ನೇತ್ರಾವತೀ ನದಿಗಳು ಹುಟ್ಟುವ ಎಡೆ ಅದು. ಈಗ ರಾಷ್ಟ್ರೀಯ ಉದ್ಯಾನವೆಂದು ಕಾಯ್ದಿಟ್ಟಿರುವ ಅರಣ್ಯಪ್ರದೇಶ. ಮೊದಲನೆಯ ರಾತ್ರಿ ಅವರಿಗೆ ತಲೆಯ ಮೇಲೆ ಸೂರು ಇರಲಿಲ್ಲ. ಕಣಿವೆಯ ಆಚೆಯಿಂದ ಹುಲಿಯು ಗರ್ಜಿಸುತ್ತಿತ್ತು. ಆ ಚಿಕ್ಕ ಹುಡುಗಿಯು ಹೊದ್ದುಕೊಳ್ಳುವ ಕೌದಿಯನ್ನು ಮೈಗೆ ಬಿಗಿಯಾಗಿ ಸುತ್ತಿಕೊಂಡು ಭಯದಿಂದ ಅಲುಗಾಡದೆ ನೆಲದ ಮೇಲೆ ಬಿದ್ದಿದ್ದಳು; ಶಾಸ್ತ್ರಿಗಳು ಬೆಳಗಾಗುವವರೆಗೂ ಎಚ್ಚರವಾಗಿದ್ದು ಕಾವಲು ಕಾದರು. ಹೆಂಡತಿಗೆ ಶಬ್ದರೂಪಗಳನ್ನು ಹೇಳಿಕೊಡುವುದಕ್ಕೆ ಮನುಷ್ಯರಿಗಿಂತ ಹುಲಿಯ ನೆರೆಯೇ ಅನುಕೂಲವೆಂದು ತೋರಬೇಕಾದರೆ ಮನುಷ್ಯರ ಬಾಧೆ ಎಷ್ಟಿದ್ದಿರಬೇಕು!

ಕ್ರಮೇಣ ಅಲ್ಲಿ ಮನೆ ಎದ್ದಿತು. ಶಾಸ್ತ್ರಿಗಳ ವಿದ್ವತ್ತನ್ನು ಕೇಳಿ ವಿದ್ಯಾರ್ಥಿಗಳು ಬಂದು ಸೇರಿದರು. ನದೀಮೂಲವು ಪುಣ್ಯಕ್ಷೇತ್ರವಾದುದರಿಂದ ಯಾತ್ರಿಕರೂ ಬರುತ್ತಿದ್ದರು. ಬಂದವರಿಗೆಲ್ಲ ಊಟ, ತಂಗಲು ಸ್ಥಳ. ಲಕ್ಷ್ಮೀಬಾಯಿಯವರ ದಿನವನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬೇಕು. ನೀರು, ಸೌದೆ, ಅಡಿಗೆ, ಬಟ್ಟೆಯ ಒಗೆತ, ಮಕ್ಕಳ ಆರೈಕೆ, ದೇವರ ಪೂಜೆಯ ಸಿದ್ಧತೆ, ಅತಿಥಿಗಳ ಉಪಚಾರ, ಇವುಗಳ ಸಂದಿನಲ್ಲಿ ಅವರ ಓದು. ಮಳೆಗಾಲದಲ್ಲಿ ದಿನಗಟ್ಟಲೆ ಬಿಸಿಲಿನ ಮುಖ ಕಾಣದ ಆ ಕಾಡಿನಲ್ಲಿ ಒದ್ದೆ ಸೌದೆಯ ಹೊಗೆಯ ಮುಂದೆ ಕುಳಿತು ಹತ್ತು ಹದಿನೈದು ಎಲೆಗಳಿಗೆ ಬಡಿಸುವಷ್ಟು ಅಡಿಗೆ ಮಾಡಿದವರಿಗೆ ಸಂಜೆಗೆ ಎಷ್ಟು ಶಕ್ತಿ ಉಳಿದೀತು? ಆದರೂ ಅವರು ಪುರಾಣಸಾಹಿತ್ಯದಲ್ಲಿ ನುರಿತ ಪಂಡಿತೆಯಾದರು. ಪತಿಯ ವಿದ್ವತ್ತನ್ನು ಲೋಕವು ಹೊಗಳಿತು. ನನ್ನ ಮಟ್ಟಿಗೆ ಹೇಳುವುದಾದರೆ, ಈ ಕಥೆಯಲ್ಲಿ ದೊಡ್ಡ ವಿದ್ಯಾರ್ಥಿ ಆ ತಾಯಿ.

ಆರು ಮಕ್ಕಳು ಹುಟ್ಟಿ ಮೂವರು ಉಳಿದರು: ಹಿರಿಯ ಮಗಳು ಕೃಷ್ಣಾಬಾಯಿ, ಮಗ ಶ್ರೀನಿವಾಸ, ಮತ್ತು ೧೮೫೮ನೆಯ ಏಪ್ರಿಲ್ ೨೩ರಂದು ಹುಟ್ಟಿದ ರಮಾ. ಅಷ್ಟು ಹೊತ್ತಿಗೆ ಅತಿಥಿಸತ್ಕಾರದ ಖರ್ಚಿನಿಂದ ಸಾಲವು ಏರಿತ್ತು. ಭೂಮಿಯನ್ನು ಮಾರಿ ಸಾಲವನ್ನು ತೀರಿಸಿ ಶಾಸ್ತ್ರಿಗಳು ಸಂಸಾರಸಮೇತರಾಗಿ ತೀರ್ಥಯಾತ್ರೆಗೆ ಹೊರಟರು. ಆರು ತಿಂಗಳ ಕೂಸಾಗಿದ್ದ ರಮೆಯನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿ ಘಟ್ಟವನ್ನು ಇಳಿಸಿದರಂತೆ. ಅಂದಿನಿಂದ ಆ ಸಂಸಾರಕ್ಕೆ ಮನೆಯೆಂಬುದು ಇರಲಿಲ್ಲ. ದೇವಸ್ಥಾನದ ಜಗುಲಿ, ಛತ್ರ, ಮರದ ನೆರಳು, ಇವೇ ಮನೆ. ನಾವು ಈಗ ಮನೆಪಾಠವೆಂದು ಕರೆಯುವುದು ಅವರಲ್ಲಿ ಮನೆಯೇ ಇಲ್ಲದೆ ನಡೆಯಿತು.

ತಂದೆಗೆ ವಯಸ್ಸಾಗಿತ್ತು, ಹಿರಿಯ ಮಕ್ಕಳಿಬ್ಬರಿಗೆ ಅವರೇ ಪಾಠ ಹೇಳಿದ್ದರು. ಕಿರಿಯಳ ಪಾಠವು ತಾಯಿಯ ಪಾಲಿಗೆ ಬಂದಿತು. ಎಂಟನೆಯ ವರ್ಷದಿಂದ ಹದಿನೈದನೆಯ ವರ್ಷದವರೆಗೆ ತಾಯಿಯೇ ತನ್ನ ಗುರುವೆಂದು ರಮಾಬಾಯಿಯವರು ಬರೆಯುತ್ತಾರೆ. ಹಗಲು ತಾಯಿಗೆ ಬಿಡುವಿಲ್ಲ. ಆದುದರಿಂದ ಬೆಳಗಿನ ಜಾವದಲ್ಲಿ, ಉಳಿದವರು ಏಳುವುದಕ್ಕೆ ಮುಂಚೆ, ನೆಲದ ಮೇಲೆ ಮಲಗಿದ್ದ ಮಗಳನ್ನು ಮುದ್ದಿನ ಮಾತುಗಳಿಂದ ಎಬ್ಬಿಸಿ, ನಿದ್ದೆಗಣ್ಣಿನ ಆ ಮಗುವನ್ನು ತೋಳಿನಲ್ಲಿ ಅಪ್ಪಿಕೊಂಡೇ ಪಾಠ ಹೇಳುತ್ತಿದ್ದರು. ಪುಸ್ತಕವಿಲ್ಲ, ಹಲಗೆಯಿಲ್ಲ, ದೀಪವೂ ಬೇಕಿಲ್ಲ. ಹಕ್ಕಿಗಳು ಕೂಗುವ ಹೊತ್ತಿಗೆ ಅಂದಿನ ಪಾಠ ಮುಗಿದಿರುತ್ತಿತ್ತು. ಆಮೇಲೆ ಒಲೆ, ನೀರು, ನಡಿಗೆ.

ಇಂಥ ಬಾಯಿಪಾಠವನ್ನು ಕಂಡು ಈಗಿನವರು ಗಿಣಿಪಾಠವೆಂದು ನಗುವುದುಂಟು. ಈ ಕ್ರಮದಲ್ಲಿ ಕಲಿತವನೂ, ಆಮೇಲೆ ಮೂವತ್ತು ವರ್ಷಗಳಿಗೂ ಮೇಲೆ ಶಾಲೆಯಲ್ಲಿ ಪಾಠ ಹೇಳಿದವನೂ ಆದುದರಿಂದ ಇದನ್ನು ಕುರಿತು ನಾಲ್ಕು ಮಾತು ಹೇಳುವ ಅಧಿಕಾರ ನನಗೆ ಇದೆಯೆಂದುಕೊಂಡಿದ್ದೇನೆ. ನಮ್ಮ ಸಂಪ್ರದಾಯದಲ್ಲಿ ಗುರುವು ಶ್ಲೋಕದ ಒಂದು ಚರಣವನ್ನು ಒಂದು ಸಲ ಹೇಳಿದರೆ ಶಿಷ್ಯನು ಎರಡು ಸಲ ಹೇಳಬೇಕು. ಇದಕ್ಕೆ ಸಂಥೆಯೆಂದು ಹೆಸರು. ಚರಣಗಳನ್ನು ಕೂಡಿಸಿ ಅರ್ಧ, ಅರ್ಧಗಳನ್ನು ಕೂಡಿಸಿ ಶ್ಲೋಕ. ಮರುದಿನ ಹೊಸ ಪಾಠಕ್ಕೆ ಮುಂಚೆ ಹಿಂದಿನ ದಿನದ್ದನ್ನು ಒಪ್ಪಿಸಬೇಕು. ವಾರಕ್ಕೊಮ್ಮೆ ವಾರದ್ದೆಲ್ಲವನ್ನೂ ಆವೃತ್ತಿ ಮಾಡಬೇಕು. ಶಬ್ದ, ಧಾತು, ಅಮರಕೋಶಗಳು ಹೀಗೆ ಬಾಯಿಗೆ ಬಂದ ಮೇಲೆ ಪದಚ್ಛೇದ, ಅನ್ವಯ, ಅರ್ಥ. ಮೊದಲು ನೆನಪು, ಬಳಿಕ ವ್ಯಾಕರಣ, ಅದರ ಬಳಿಕ ತಿಳಿವು. ಮೂರನೆಯದಕ್ಕೆ ಹೋಗದೆ ಮೊದಲನೆಯದರಲ್ಲಿಯೇ ನಿಂತರೆ ಅದು ಗಿಣಿಪಾಠವೇ ಸರಿ. ರಮಾಬಾಯಿಯವರ ತಾಯಿ ಅಲ್ಲಿ ನಿಲ್ಲಿಸಲಿಲ್ಲ. ಈ ಕ್ರಮದ ಸತ್ತ್ವವಿರುವುದು ಮತ್ತೊಂದು ಕಡೆ. ಒಬ್ಬ ಗುರುವಿಗೆ ಒಬ್ಬ ಶಿಷ್ಯನಿರುವಾಗ ಹ್ರಸ್ವವನ್ನು ದೀರ್ಘವಾಗಿ ಹೇಳಿದ ಕ್ಷಣದಲ್ಲಿಯೇ ತಪ್ಪು ಸಿಕ್ಕಿಬೀಳುತ್ತದೆ. ಅದು ಬೇರೂರುವುದಕ್ಕೆ ಅವಕಾಶವಿಲ್ಲ. ನಾಲ್ವತ್ತು ಮಕ್ಕಳು ಒಟ್ಟಿಗೆ ಹೇಳುವ ತರಗತಿಯಲ್ಲಿ ಎಂಥ ಸೂಕ್ಷ್ಮ ಕಿವಿಯ ಉಪಾಧ್ಯಾಯನಿಗೂ ಇದು ಸಾಧ್ಯವಲ್ಲ. ಹಿಂದಿನ ಬೆಂಚಿನ ಹುಡುಗನು ತುಟಿಯನ್ನು ಮಾತ್ರ ಅಲುಗಿಸಿ ವರ್ಷವನ್ನು ಕಳೆಯಬಲ್ಲನು.

ಹದಿನೆಂಟು ಸಾವಿರ ಗ್ರಂಥವೆಂದು ಪ್ರಸಿದ್ಧವಾದ ಭಾಗವತವು ರಮಾಬಾಯಿಯವರಿಗೆ ಕಂಠಸ್ಥವಾಗಿತ್ತೆಂಬುದನ್ನು ಪವಾಡವೆಂಬಂತೆ ಹೇಳುವುದುಂಟು. ಲೆಕ್ಕ ಹಾಕಿ ನೋಡಿದರೆ, ದಿನಕ್ಕೆ ಹತ್ತು ಶ್ಲೋಕದಂತೆ ಸಾವಿರದ ಎಂಟುನೂರು ದಿನಗಳು, ಎಂದರೆ ಐದು ವರ್ಷಕ್ಕೆ ಒಂದಿಷ್ಟು ಕಡಿಮೆ. ಪವಾಡವಿರುವುದು ಹುಡುಗಿಯ ನೆನಪಿನಲ್ಲಲ್ಲ. ಐದು ವರ್ಷ ಒಂದು ಬೆಳಗನ್ನೂ ತಪ್ಪಿಸದೆ ಏಳುವ ತಾಯಿಯಲ್ಲಿ.

ಹಗಲಿನ ಹೊತ್ತಿನಲ್ಲಿ ಆ ಸಂಸಾರದವರ ಕೆಲಸ ಪುರಾಣಪಠನ. ದೇವಸ್ಥಾನದ ಅಂಗಳದಲ್ಲಿಯೋ, ಕೆರೆಯ ಸೋಪಾನದ ಮೇಲೋ, ಅರಳೀಮರದ ಕಟ್ಟೆಯ ಮೇಲೋ ಗ್ರಂಥವನ್ನು ಬಿಚ್ಚಿಟ್ಟುಕೊಂಡು ರಾಗವಾಗಿ ಓದುವುದು. ದೇವರ ದರ್ಶನಕ್ಕೆ ಬಂದವರು ಒಂದಿಷ್ಟು ಹೊತ್ತು ಕುಳಿತು ಕೇಳಿ, ಪುಸ್ತಕಕ್ಕೆ ನಮಸ್ಕರಿಸಿ, ಹೂವು ಹಣ್ಣು ಅಕ್ಕಿ ಕಾಸುಗಳನ್ನು ಇಟ್ಟು ಹೋಗುವರು. ತಂದೆ ತಾಯಿ ಅಣ್ಣ ಅಕ್ಕ, ಬರಬರುತ್ತ ರಮೆ, ಸರದಿಯ ಮೇಲೆ ಓದುವರು. ಹೀಗೆ ಕಲಿತ ಪಾಠವು ಪ್ರತಿದಿನವೂ ಪರಕೀಯರ ಮುಂದೆ ಪರೀಕ್ಷೆಗೆ ಒಳಗಾಗುತ್ತಿತ್ತು. ಶಾಲೆಗಳಲ್ಲಿ ನಾವು ವರ್ಷಕ್ಕೊಮ್ಮೆ ವಾರ್ಷಿಕೋತ್ಸವದಲ್ಲಿ ಮಾತ್ರ ಮಕ್ಕಳನ್ನು ನಾಲ್ಕು ಜನರ ಮುಂದೆ ನಿಲ್ಲಿಸುತ್ತೇವೆ. ಊರೂರು ತಿರುಗಿದುದರಿಂದ ಕನ್ನಡ, ಹಿಂದೂಸ್ತಾನಿ ಮೊದಲಾದ ಭಾಷೆಗಳು ಯಾವ ಪಾಠವೂ ಇಲ್ಲದೆ ರಮೆಯ ಕಿವಿಗೆ ಬಿದ್ದು ನಾಲಿಗೆಗೆ ಬಂದುವು. ಮನೆಯ ಮಾತು ಮರಾಠಿ. ದೇಶದ ಭೂಗೋಳವು ಕಾಲಿನಿಂದಲೇ ಅಭ್ಯಾಸವಾಯಿತು.

ಇಷ್ಟು ಮನೆಪಾಠದ ಗುಣಪಕ್ಷ. ಇನ್ನೊಂದು ಪಕ್ಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಶಾಸ್ತ್ರಿಗಳು ಸಂಸ್ಕೃತವೊಂದನ್ನು ಬಿಟ್ಟು ಬೇರೆ ಯಾವ ವಿದ್ಯೆಗೂ ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಲೌಕಿಕ ವಿದ್ಯೆಯಿಂದ ಮನಸ್ಸು ಲೋಕದ ಕಡೆಗೆ ತಿರುಗುವುದೆಂದು ಅವರ ಭಯ. ಹೊರಗಿನವರ ಸಹವಾಸವೂ ಬೇಡವೆಂದು ಅವರ ಎಣಿಕೆ. ಇಂಗ್ಲಿಷ್ ಇಲ್ಲ, ಕಸುಬು ಇಲ್ಲ, ಲೆಕ್ಕಪತ್ರದ ಉದ್ಯೋಗವಿಲ್ಲ. ಬಂದ ಹಣದಲ್ಲಿ ಊಟಕ್ಕೆ ಬೇಕಾದುದನ್ನು ಇಟ್ಟುಕೊಂಡು ಮಿಕ್ಕುದನ್ನು ದಾನಧರ್ಮಗಳಿಗೆ ವ್ಯಯಿಸುತ್ತಿದ್ದರು. ಜನರು ಉಂಡು ಸುಖವಾಗಿರುವವರೆಗೆ ಪುರಾಣಿಕನಿಗೂ ಊಟಕ್ಕೆ ಕೊರತೆಯಿಲ್ಲ. ಜನರೇ ಹಸಿದಾಗ?

ರಮೆಗೆ ಹದಿನಾರು ವರ್ಷದ ಸುಮಾರಿನಲ್ಲಿ, ಮದರಾಸು ಅಧಿಪತ್ಯದ ಸೀಮೆಯಲ್ಲಿ ಕ್ಷಾಮವು ಬಂದಿತು. ಪುರಾಣವನ್ನು ಕೇಳುವವರು ಇಲ್ಲವಾದರು. ಕೇಳಿದವರಲ್ಲಿ ಕೊಡುವುದಕ್ಕೆ ಏನೂ ಇರಲಿಲ್ಲ. ಇದ್ದ ಪಾತ್ರೆಪದಾರ್ಥ, ಒಳ್ಳೆಯ ಬಟ್ಟೆ ಎಲ್ಲವೂ ಮಾರಿಹೋದುವು. ಭಿಕ್ಷೆ ಬೇಡುವುದಕ್ಕೆ ಅಭಿಮಾನವು ಅಡ್ಡಬಂದಿತು. ಕೂಲಿ ಮಾಡುವುದಕ್ಕೆ ಅಭ್ಯಾಸವಿರಲಿಲ್ಲ. ತಂದೆಗೆ ಮುಪ್ಪು, ಕಣ್ಣು ಮಂದ. ಅಕ್ಕಿಯ ಕೊನೆಯ ಕಾಳು ತೀರಿದ ಮೇಲೆ, ಜನರ ಕಣ್ಣಿಗೆ ಬೀಳದೆ ಪ್ರಾಣವನ್ನು ಬಿಡುವುದು ಲೇಸೆಂದು ಅವರು ಕಾಡನ್ನು ಹೊಕ್ಕರು. ನೀರು, ಎಲೆ, ಒಂದು ಹಿಡಿ ಕಾಡು ಈಚಲಹಣ್ಣು, ಇಷ್ಟರಿಂದ ಹನ್ನೊಂದು ಹಗಲು ಹನ್ನೊಂದು ರಾತ್ರಿ ಕಳೆದರೆಂದು ರಮಾಬಾಯಿಯವರು ಬರೆಯುತ್ತಾರೆ. ವೃದ್ಧ ತಂದೆಯು ಜಲಸಮಾಧಿಗೆ ಸಿದ್ಧರಾದಾಗ ಮಗನು ತಡೆದು, ಇನ್ನು ಮೇಲೆ ತಾನು ಕೂಲಿಯನ್ನಾದರೂ ಮಾಡಿ ಎಲ್ಲರನ್ನೂ ಸಾಕುತ್ತೇನೆಂದನು. ಶಾಸ್ತ್ರಗಳನ್ನು ಓದಿದ ಆ ತರುಣನ ಬಾಯಿಂದ ಆ ಮಾತು ಬರಬೇಕಾದರೆ ಹನ್ನೊಂದು ದಿನದ ಉಪವಾಸವು ಬೇಕಾಯಿತು. ಆಗ ಹೊತ್ತು ಮೀರಿತ್ತು. ಕೆಲವೇ ದಿನಗಳಲ್ಲಿ ತಂದೆ ತೀರಿಕೊಂಡರು. ಸ್ವಲ್ಪ ಕಾಲದಲ್ಲಿಯೇ ತಾಯಿಯೂ ಜ್ವರದಿಂದ ಹಾಸಿಗೆ ಹಿಡಿದರು. ತಾಯಿಗಾಗಿ ಒಂದು ತುಂಡು ಸಜ್ಜೆಯ ರೊಟ್ಟಿಯನ್ನು ಬೇಡಲು ರಮೆಯು ನೆರೆಮನೆಗೆ ಹೋದಳು. ಸಾವಿರಾರು ಶ್ಲೋಕಗಳನ್ನು ತಡೆಯಿಲ್ಲದೆ ಹೇಳುತ್ತಿದ್ದ ನಾಲಿಗೆಗೆ ಅಲ್ಲಿ ಆ ಒಂದು ಮಾತು ಹೊರಡಲಿಲ್ಲ. ಆ ಮನೆಯ ಗೃಹಿಣಿಯು ಮುಖವನ್ನು ನೋಡಿ ತಿಳಿದು ರೊಟ್ಟಿಯನ್ನು ಕೊಟ್ಟಳು. ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ಅಕ್ಕ ಕೃಷ್ಣಾಬಾಯಿಯೂ ಬಹುಕಾಲ ಬದುಕಲಿಲ್ಲ.

ಕ್ಷಾಮದಲ್ಲಿ ಕಸುಬು ಬಲ್ಲವರೂ ಸತ್ತರೆಂಬುದು ನಿಜ. ಎಲ್ಲವನ್ನೂ ಪಾಠಕ್ರಮದ ತಲೆಗೆ ಕಟ್ಟುವುದು ತಪ್ಪು. ಆದರೂ, ತಮಗೆ ಅನ್ನವನ್ನು ಸಂಪಾದಿಸುವ ಯಾವ ಕೆಲಸವನ್ನೂ ಕಲಿಸಿರಲಿಲ್ಲವೆಂದು ರಮಾಬಾಯಿಯವರು ಸ್ಪಷ್ಟವಾಗಿಯೇ ಬರೆದಿದ್ದಾರೆ. ತಂದೆತಾಯಿಗಳನ್ನು ಪೂಜಿಸುತ್ತಿದ್ದ ಮಗಳ ಮಾತು ಇದು. ಸಂಸ್ಕೃತಕ್ಕೆ ನನ್ನ ಆಯುಸ್ಸಿನ ಬಹುಭಾಗವನ್ನು ಕೊಟ್ಟ ನಾನು ಇದನ್ನು ಓದುವಾಗಲೆಲ್ಲ ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತೇನೆ. ಶಾಲೆಯ ದೋಷವು ಹತ್ತು ಉಪಾಧ್ಯಾಯರಲ್ಲಿ ಹಂಚಿಹೋಗುತ್ತದೆ; ಒಬ್ಬನು ಬಿಟ್ಟುದನ್ನು ಮತ್ತೊಬ್ಬನು ಹೇಳಿಯಾನು. ಮನೆಪಾಠದಲ್ಲಿ ತಂದೆಯ ಮನಸ್ಸಿನ ಎಲ್ಲೆಯೇ ಮಗುವಿನ ಲೋಕದ ಎಲ್ಲೆ.

ಉಳಿದವರು ಅಣ್ಣತಂಗಿ ಇಬ್ಬರೇ. ಕಾಲ್ನಡಿಗೆಯಲ್ಲಿ ಉತ್ತರದೇಶವನ್ನೆಲ್ಲ ತಿರುಗಿದರು. ಝೇಲಮ್ ನದಿಯ ದಂಡೆಯಲ್ಲಿ, ಹೊದೆಯಲು ಬಟ್ಟೆಯಿಲ್ಲದೆ, ಮರಳಿನಲ್ಲಿ ಗುಂಡಿ ತೋಡಿ ಕತ್ತಿನವರೆಗೆ ಒಣಮರಳನ್ನು ಮುಚ್ಚಿಕೊಂಡು ಚಳಿಯ ರಾತ್ರಿಯನ್ನು ಕಳೆದರಂತೆ. ೧೮೭೮ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿನ ಪಂಡಿತರು ಇಪ್ಪತ್ತು ವರ್ಷದ ಈ ಹೆಣ್ಣುಮಗಳನ್ನು ಪರೀಕ್ಷಿಸಿ, ಬೆರಗಾಗಿ, ಪಂಡಿತಾ ಮತ್ತು ಸರಸ್ವತೀ ಎಂಬ ಬಿರುದುಗಳನ್ನು ಕೊಟ್ಟರು. ಯಾವ ಪಾಠಶಾಲೆಯ ಹೊಸಿಲನ್ನೂ ದಾಟದೆ, ಬೆಳಗಿನ ಜಾವದ ಆ ಪಾಠವೊಂದರಿಂದಲೇ ಬಂದ ಬಿರುದು ಅದು. ಅದೇ ಕಲ್ಕತ್ತೆಯಲ್ಲಿ ಕೇಶವಚಂದ್ರ ಸೇನರು ವೇದದ ಒಂದು ಪುಸ್ತಕವನ್ನು ಕೊಟ್ಟು ಓದಲು ಹೇಳಿದಾಗ, ಸ್ತ್ರೀಯರಿಗೆ ಅದು ಸಲ್ಲದೆಂದು ರಮಾಬಾಯಿಯವರು ಹಿಂದೆಗೆದರು. ತಂದೆಯು ಎಲ್ಲಿ ನಿಂತಿದ್ದರೋ ಮಗಳ ಕಾಲು ಅಲ್ಲಿಯೇ ಒಂದು ಕ್ಷಣ ನಿಂತಿತು. ಆಮೇಲೆ ಅವರು ಆ ಗೆರೆಯನ್ನು ದಾಟಿ ಓದಿದರು. ಅನಂತರ ದಾಟಿದ ಗೆರೆಗಳು ಹಲವು. ಬಂಗಾಳದ ವಕೀಲರೊಬ್ಬರೊಡನೆ ೧೮೮೦ರಲ್ಲಿ ಅಂತರ್ಜಾತೀಯ ವಿವಾಹ, ಎರಡೇ ವರ್ಷದಲ್ಲಿ ವೈಧವ್ಯ, ೧೮೮೩ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಮತಸ್ವೀಕಾರ. ಅದನ್ನು ಕುರಿತು ಅಂದು ಬಹಳ ವಾದವಿವಾದಗಳು ನಡೆದುವು. ಅವುಗಳನ್ನು ಇಲ್ಲಿ ಎತ್ತುವುದು ಅಪ್ರಕೃತ.

ಇಂದಿನ ಗೃಹಸ್ಥನ ಪ್ರಶ್ನೆಗೆ ಮರಳೋಣ. ಈಗ ಮನೆಯಲ್ಲಿ ಓದಿಸುವವರಿಗೆ ಪುಸ್ತಕಗಳ ಕೊರತೆಯಿಲ್ಲ. ಅಂತರ್ಜಾಲದಲ್ಲಿ ಬೇಕಾದ ವಿಷಯದ ಪಾಠ ಸಿಕ್ಕುತ್ತದೆ. ಸಿಕ್ಕದಿರುವುದು ಲಕ್ಷ್ಮೀಬಾಯಿಯವರಿಗೆ ಸಿಕ್ಕದಿದ್ದುದೇ, ಎಂದರೆ ಹೊತ್ತು. ತಂದೆಯು ಉದ್ಯೋಗಕ್ಕೆ ಹೋಗಿ, ತಾಯಿಯು ಅಡಿಗೆಯನ್ನೂ ಮನೆಗೆಲಸವನ್ನೂ ಕಚೇರಿಯ ಕೆಲಸವನ್ನೂ ಮಾಡಿ, ಅದರ ಮೇಲೆ ಮೂರು ತರಗತಿಗಳ ಉಪಾಧ್ಯಾಯಿನಿಯೂ ಆಗಬೇಕೆಂದರೆ ಆ ಮನೆಪಾಠವು ಆರು ತಿಂಗಳು ನಡೆಯುವುದಿಲ್ಲ. ಪಾಠ ಹೇಳುವವರ ಕೈಯಿಂದ ಬೇರೆ ಕೆಲಸವನ್ನು ಯಾರು ತೆಗೆದುಕೊಳ್ಳುತ್ತಾರೆಂಬುದನ್ನು ಗಂಡಹ���ಂಡಿರು ಮೊದಲು ಕುಳಿತು ಮಾತನಾಡಿಕೊಳ್ಳಬೇಕು. ಹಾಗೆ ಹೊತ್ತು ದೊರೆತರೆ ಚಿಕ್ಕ ಮಗುವಿಗೆ ದಿನಕ್ಕೆ ಎರಡು ಗಂಟೆಯ ನಿಷ್ಠೆಯ ಪಾಠವು ಸಾಕೆಂಬುದನ್ನು ನಾನೂ ಒಪ್ಪುತ್ತೇನೆ. ಶಾಲೆಯ ಆರು ಗಂಟೆಗಳಲ್ಲಿ ಹಾಜರಿ, ಗದ್ದಲ, ಸಾಲು ನಿಲ್ಲಿಸುವುದು, ಒಬ್ಬನಿಗೆ ಹೇಳುವಾಗ ಮೂವತ್ತೊಂಬತ್ತು ಮಂದಿ ಕಾಯುವುದು ಇವೆಲ್ಲ ಎಷ್ಟು ನುಂಗುತ್ತವೆಂಬುದು ನಮ್ಮಂಥವರಿಗೆ ಚೆನ್ನಾಗಿ ತಿಳಿದಿದೆ. ಆದರೆ ಕಾಯುವುದನ್ನು ಕಲಿಯುವುದೂ ಒಂದು ಪಾಠವೇ. ತನಗಿಂತ ಮಂದನಾದವನ ಪಕ್ಕದಲ್ಲಿಯೂ, ತನಗಿಂತ ಬಡವನ ಪಕ್ಕದಲ್ಲಿಯೂ, ಬೇರೆ ಜಾತಿಮತಗಳವನ ಪಕ್ಕದಲ್ಲಿಯೂ ಒಂದೇ ಬೆಂಚಿನಲ್ಲಿ ಕೂಡುವುದನ್ನು ಮನೆಯೊಳಗೆ ಹೇಗೆ ಕಲಿಸುವಿರಿ? ಅದಕ್ಕಾಗಿ ಮಗುವನ್ನು ಬೀದಿಯ ಆಟಕ್ಕೂ ಸಾರ್ವಜನಿಕ ಗ್ರಂಥಾಲಯಕ್ಕೂ ಬಡಗಿಯ ಅಂಗಡಿಗೂ ಬಿಡಬೇಕು. ತಂದೆಯು ತನಗೆ ಗೊತ್ತಿಲ್ಲದ ವಿದ್ಯೆಗೆ ಬೇರೊಬ್ಬ ಗುರುವನ್ನು ಹುಡುಕಬೇಕು. ತನಗೆ ಗೊತ್ತಿಲ್ಲದುದು ಮಗುವಿಗೂ ಬೇಕಿಲ್ಲವೆನ್ನುವ ತಂದೆಗೆ ಮನೆಪಾಠವು ಹೇಳಿದ್ದಲ್ಲ. ಅವನ ಮಕ್ಕಳು ಶಾಲೆಗೆ ಹೋಗುವುದೇ ಕ್ಷೇಮ.

ಮನೆಯಲ್ಲಿ ಓದಿದ ರಮಾಬಾಯಿಯವರು ತಾವು ಗುರುವಾದಾಗ ಏನು ಮಾಡಿದರೆಂಬುದು ಈ ವಿಷಯದಲ್ಲಿ ನೋಡತಕ್ಕದ್ದು. ೧೮೮೨ರಲ್ಲಿ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ಹೇಳಿ, ಉಪಾಧ್ಯಾಯಿನಿಯರನ್ನು ತಯಾರು ಮಾಡಬೇಕೆಂದು ವಾದಿಸಿದರು. ಅಮೆರಿಕಾದಲ್ಲಿದ್ದಾಗ ಫ್ರೋಬೆಲನ ಬಾಲೋದ್ಯಾನ ಪದ್ಧತಿಯನ್ನು ಅಭ್ಯಾಸ ಮಾಡಿದರು. ೧೮೮೯ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ತಮ್ಮ ಮಗಳು ಮನೋರಮೆಯನ್ನು ಅವರು ಮನೆಯಲ್ಲಿ ಇಟ್ಟುಕೊಂಡು ಓದಿಸಲಿಲ್ಲ, ಶಾಲೆಗಳಿಗೇ ಕಳುಹಿಸಿದರು. ಆ ಮಗಳೇ ಮುಂದೆ ಸದನದ ಮುಖ್ಯೋಪಾಧ್ಯಾಯಿನಿಯಾಗಿ ನಿಂತು, ತಾಯಿಗಿಂತ ಒಂದು ವರ್ಷ ಮುಂಚೆ, ೧೯೨೧ರಲ್ಲಿ ತೀರಿಕೊಂಡಳು. ೧೮೯೬-೯೭ರಲ್ಲಿ ಮಧ್ಯಪ್ರಾಂತದಲ್ಲಿ ಮತ್ತೊಂದು ಕ್ಷಾಮ ಬಂದಾಗ ರಮಾಬಾಯಿಯವರು ತಾವೇ ಅಲ್ಲಿಗೆ ಹೋಗಿ, ಹಸಿವಿನಿಂದ ಸಾಯುತ್ತಿದ್ದ ನೂರಾರು ಹುಡುಗಿಯರನ್ನು ಪುಣೆಯ ಬಳಿಯ ಕೇಡಗಾವಿನ ಮುಕ್ತಿಸದನಕ್ಕೆ ಕರೆತಂದರು. ಅಲ್ಲಿ ಓದುಬರೆಹದ ಜೊತೆಗೆ ನೇಯ್ಗೆ, ಹೊಲಿಗೆ, ತೋಟದ ಕೆಲಸ, ಹೈನುಗಾರಿಕೆ, ಅಚ್ಚುಕೂಟದ ಕೆಲಸ ಇವು ಹುಡುಗಿಯರಿಗೆ ಪಾಠಗಳಾಗಿದ್ದುವು. ಮೊಳೆ ಜೋಡಿಸುವುದರಿಂದ ಹಿಡಿದು ಪುಸ್ತಕ ಕಟ್ಟುವವರೆಗೆ ಎಲ್ಲವೂ ಹೆಂಗಸರ ಕೈಯಲ್ಲಿಯೇ ನಡೆಯುತ್ತಿತ್ತು.

ತಾಯಿಯು ತನ್ನ ಮನಸ್ಸನ್ನು ಪಳಗಿಸಿದ ರೀತಿಯಿಂದ, ಅನಂತರ ಹೆಚ್ಚಾಗಿ ಬೇರೆಯವರ ನೆರವಿಲ್ಲದೆ ತಾನೇ ಓದಿಕೊಳ್ಳಬಲ್ಲವಳಾದೆನೆಂದು ರಮಾಬಾಯಿಯವರು ಒಂದೆಡೆ ಬರೆದಿದ್ದಾರೆ. ಬೈಬಲನ್ನು ಮೂಲದಿಂದಲೇ ಮರಾಠಿಗೆ ತರಬೇಕೆಂದು ಅವರು ಸಂಕಲ್ಪಿಸಿದಾಗ ವಯಸ್ಸು ನಾಲ್ವತ್ತನ್ನು ದಾಟಿತ್ತು. ಆ ವಯಸ್ಸಿನಲ್ಲಿ ಹೀಬ್ರೂ ಮತ್ತು ಗ್ರೀಕ್ ಭಾಷೆಗಳ ವ್ಯಾಕರಣಕ್ಕೆ ಕೈಹಾಕಿ, ಕಿವಿ ಮಂದವಾಗುತ್ತಿದ್ದರೂ ಬಿಡದೆ, ವರ್ಷಗಟ್ಟಲೆ ಆ ಕೆಲಸವನ್ನು ನಡೆಸಿದರು. ೧೯೨೨ನೆಯ ಏಪ್ರಿಲ್ ೫ರಂದು ಅವರು ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ ಅದು ಮುಗಿಯಿತು.